ಫೋನ್ ಮಾಡದವರ ಮನೆಗೂ ದಿನಸಿ

ದಾವಣಗೆರೆಯ ವಿನೋಬನಗರದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಯಜಮಾನರು ಬೆಳಿಗ್ಗೆ ಚೌಕಿಪೇಟೆ, ಮಂಡಿಪೇಟೆ ಕಡೆ ಹೋಗಿ ಸಾಮಾನು ತರುತ್ತಾರೆ. ಗಲ್ಲಾದಲ್ಲಿ ಕೂರುವುದು ನಾನು.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಪ್ರಧಾನಿ 21 ದಿನದ ಲಾಕ್‌ಡೌನ್ ಹೇಳಿದರು. ಮರುದಿನ ಯುಗಾದಿ. ಆ ರಾತ್ರಿ ಎಂಟೂವರೆಗೆಲ್ಲ ಅಂಗಡಿ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ತೊಗರಿಬೇಳೆ ಖಾಲಿ, ಸಕ್ಕರೆ ಖಾಲಿ, ಶೇಂಗಾ ಎಣ್ಣೆ ಖಾಲಿ. ಒಬ್ಬೊಬ್ಬರು ಐದು ಕಿಲೋ, ಹತ್ತು ಕಿಲೋ ಒಯ್ದರು. ಬಾಗಿಲು ಎಳೆದ ಮೇಲೆ ಸುಮ್ನೆ ಕೂತು ಯಾರ್‍ಯಾರು ಬಂದರು ಅಂತ ನೆನಪು ಮಾಡಿಕೊಂಡೆ. ಬಂದವರೆಲ್ಲ ಗಟ್ಟಿಮುಟ್ಟಾದವರು. ಗಾಡಿ ಇದ್ದವರು, ಕೈಯಲ್ಲಿ ದುಡ್ಡಿದ್ದವರು. ಪ್ರತಿ ಸೋಮವಾರ ಕಾಲು ಕಿಲೋ ಬೇಳೆ ಒಯ್ಯುವ ಮೂಲೆಮನೆ ಅಜ್ಜಿ ಬಂದಿರಲಿಲ್ಲ. ಕಣ್ಣು ಕಾಣದ ಗಂಡ ಹೆಂಡತಿ ಬಂದಿರಲಿಲ್ಲ. ಹತ್ತಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಅಜ್ಜನೂ ಬಂದಿರಲಿಲ್ಲ. ಅವರಿಗೆ ಬೇಕಾದ ಬೇಳೆಯನ್ನು ನಾನು ಬೇರೆಯವರಿಗೆ ಮಾರಿಬಿಟ್ಟಿದ್ದೆ.

ಆ ರಾತ್ರಿಯೇ ಉದ್ರಿ ಪುಸ್ತಕ ತೆಗೆದೆ. ಅದರಲ್ಲಿ ನಮ್ಮ ಓಣಿಯ ಬಡತನ, ವಯಸ್ಸು, ಕಾಯಿಲೆ ಎಲ್ಲಾ ಇರುತ್ತದೆ. ಯಾರು ಒಬ್ಬರೇ ಇದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗ ಬೆಂಗಳೂರಿಂದ ದುಡ್ಡು ಕಳಿಸುತ್ತಾನೆ ಅನ್ನುವುದು ಪುಟ ತಿರುವಿದರೆ ಗೊತ್ತಾಗುತ್ತದೆ. ಅರವತ್ತು ದಾಟಿದವರು, ಒಂಟಿ ಇರುವವರು, ಅಂಗವಿಕಲರು, ಹಸುಗೂಸಿನ ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು ಅಂತ ಹೆಸರು ಬರೆದೆ. 31 ಮನೆ ಆಯಿತು. ಮರುದಿನ ಹಾಲು ಹಾಕುವವನನ್ನು ಕೇಳಿದಾಗ ಇನ್ನೂ ಏಳು ಹೇಳಿದ. ಬಾಗಿಲು ಯಾರು ತೆಗೆಯುತ್ತಾರೆ, ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅನ್ನುವುದು ಅವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಆಶಾ ಕಾರ್ಯಕರ್ತೆ ಐದು ಮನೆ ಸೇರಿಸಿದರು. ಒಟ್ಟು 43.

ಮೊದಲ ವಾರ ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. ಅಂಗಡಿ ಬಾಗಿಲಿಗೆ ಫೋನ್ ನಂಬರ್ ಅಂಟಿಸಿದೆ, "ವಯಸ್ಸಾದವರು ಫೋನ್ ಮಾಡಿ, ಮನೆಗೆ ತಲುಪಿಸುತ್ತೇವೆ" ಅಂತ ಬರೆದೆ. ಫೋನ್ ಬಂತು, ಬೇಕಾದಷ್ಟು ಬಂತು. ಆದರೆ ಮಾಡಿದವರು ನನ್ನ ಪಟ್ಟಿಯಲ್ಲಿ ಇದ್ದವರಲ್ಲ. ಮನೆತುಂಬ ಜನ ಇರುವವರೂ ಮಾಡಿದರು. ಅವರದು ತಪ್ಪಲ್ಲ, ಎಲ್ಲರಿಗೂ ಭಯ ಇತ್ತು. ಆದರೆ 43 ಮನೆಯಲ್ಲಿ ಫೋನ್ ಮಾಡಿದ್ದು ಒಂಬತ್ತು. ಬೋರ್ಡು ಓದಬೇಕಾದವರು ಮನೆಯಿಂದ ಹೊರಗೇ ಬಂದಿಲ್ಲ, ಅವರಿಗೆ ಗೊತ್ತಾಗುವುದು ಹೇಗೆ ಹೇಳಿ? ಅಷ್ಟು ಯೋಚನೆಯೂ ನನಗೆ ಮೊದಲು ಹೊಳೆದಿರಲಿಲ್ಲ. ಆಮೇಲೆ ನಾನೇ ಫೋನ್ ಮಾಡಲು ಶುರು ಮಾಡಿದೆ. ಸೋಮವಾರ ಮತ್ತು ಗುರುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ಅದೇ ಹೊತ್ತು, ಅದೇ ದನಿ. ಎರಡನೇ ವಾರಕ್ಕೆ ಅವರು ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯತೊಡಗಿದರು.

ಮೂಲೆಮನೆ ಅಜ್ಜಿಯ ವಿಷಯ ಹೇಳಲೇಬೇಕು. ನಾನು ಈ ಕೆಲಸ ಕಲಿತದ್ದೇ ಅವರಿಂದ. ಎರಡು ಸಲ ಫೋನ್ ಮಾಡಿದಾಗಲೂ, "ಎಲ್ಲಾ ಐತಮ್ಮಾ, ಏನೂ ಬ್ಯಾಡ. ಒಂದು ಸೇರು ಮಂಡಕ್ಕಿ ಕಳಿಸು ಸಾಕು" ಅಂದರು. ನಮ್ಮೂರಲ್ಲಿ ಮಂಡಕ್ಕಿ ಕೇಳಿದರೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ ಅಲ್ವಾ? ಭಟ್ಟಿ ಇರುವ ಊರು, ಸಂಜೆ ಆದರೆ ಮಂಡಕ್ಕಿ ಮೆಣಸಿನಕಾಯಿ ಬೇಕೇ ಬೇಕು. ಕಳಿಸಿದೆ. ಮೂರನೇ ಸಲವೂ ಮಂಡಕ್ಕಿ ಅಂದಾಗ ಯಾಕೋ ಮನಸ್ಸಿಗೆ ಸರಿ ಬರಲಿಲ್ಲ. ದಿನಸಿ ತಲುಪಿಸುತ್ತಿದ್ದ ನನ್ನ ಮಗನ ಬದಲು ನಾನೇ ಹೋದೆ. ಬಾಗಿಲಲ್ಲಿ ನಿಂತು "ಅಜ್ಜಿ, ಇವತ್ತು ಏನು ಅಡಿಗೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಗ್ಯಾಸ್ ಮುಗಿದು ಎಂಟು ದಿನ ಆಗಿತ್ತು. ಮಂಡಕ್ಕಿ ನೀರಲ್ಲಿ ನೆನೆಸಿ, ಉಪ್ಪು ಖಾರ ಹಾಕಿಕೊಂಡು ತಿನ್ನುತ್ತಿದ್ದರು. ಅಕ್ಕಿ ಡಬ್ಬಿ ತುಂಬ ಅಕ್ಕಿ ಇತ್ತು, ಬೇಳೆಯೂ ಇತ್ತು. ಬೇಯಿಸಲು ಬೆಂಕಿ ಇರಲಿಲ್ಲ. ಸಿಲಿಂಡರ್ ಬುಕ್ ಆಗುವುದು ಅಜ್ಜಿಯ ಮಗನ ಮೊಬೈಲ್ ನಂಬರಿನಿಂದ. ಮಗನಿಗೆ ಬೆಂಗಳೂರಲ್ಲಿ ಕೆಲಸ ಹೋಗಿತ್ತು. ಅವನಿಗೆ ತೊಂದರೆ ಕೊಡಬಾರದು ಅಂತ ಅಜ್ಜಿ ಹೇಳಿರಲೇ ಇಲ್ಲ.

ಅವತ್ತು ನಮ್ಮ ಮನೆಯಿಂದ ಅನ್ನ, ಸಾರು ಕೊಟ್ಟು ಬಂದೆ. ಮಗನಿಗೆ ನಾನೇ ಫೋನ್ ಮಾಡಿ ಸಿಲಿಂಡರ್ ಬುಕ್ ಮಾಡಿಸಿದೆ. ಅವರದು ಉಜ್ವಲ ಸಂಪರ್ಕ, ಬಡ ಮನೆಗಳಿಗೆ ಸರ್ಕಾರ ಕೊಡಿಸಿದ ಗ್ಯಾಸ್. ಆಗ ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ಸಿಲಿಂಡರಿನ ದುಡ್ಡನ್ನು ಸರ್ಕಾರವೇ ಖಾತೆಗೆ ಹಾಕುತ್ತಿತ್ತು. ಆ ವಿಷಯವೂ ಅಜ್ಜಿಗೆ ಗೊತ್ತಿರಲಿಲ್ಲ.

ಅಲ್ಲಿಂದ ನಾನು ಫೋನಿನಲ್ಲಿ "ಏನು ಬೇಕು?" ಅಂತ ಕೇಳುವುದನ್ನೇ ಬಿಟ್ಟೆ. ಹಾಗೆ ಕೇಳಿದರೆ ವಯಸ್ಸಾದವರು "ಏನೂ ಬೇಡ" ಅನ್ನುತ್ತಾರೆ. ಸ್ವಾಭಿಮಾನ ಇರುತ್ತದೆ, ಸಂಕೋಚ ಇರುತ್ತದೆ. ಹಿಂದಿನ ಉದ್ರಿ ಬಾಕಿ ಇದ್ದರಂತೂ ಬಾಯಿಯೇ ಬರುವುದಿಲ್ಲ. ಅದಕ್ಕೆ "ಬೆಳಿಗ್ಗೆ ಏನು ತಿಂದಿರಿ? ರಾತ್ರಿಗೆ ಏನು ಮಾಡ್ತೀರಿ?" ಅಂತ ಕೇಳುತ್ತಿದ್ದೆ. "ಅವಲಕ್ಕಿ" ಅಂತ ಮೂರು ದಿನ ಹೇಳಿದರೆ ಗ್ಯಾಸ್ ಕೇಳಬೇಕು. "ಗಂಜಿ" ಅಂದರೆ ಹುಷಾರಿದ್ದೀರಾ ಅಂತ ಕೇಳಬೇಕು. "ಅನ್ನ ಮಜ್ಜಿಗೆ" ಅಂತಲೇ ಅಂದರೆ ಬೇಳೆ, ತರಕಾರಿ ಮುಗಿದಿದೆ ಅಂತ ಅರ್ಥ. ಉಪ್ಪು, ಖಾರದಪುಡಿ, ಮೈಸೋಪು, ಬೆಂಕಿಪೊಟ್ಟಣ ಇವನ್ನು ಯಾರೂ ತಾವಾಗಿ ನೆನಪಿಸಿಕೊಳ್ಳುವುದಿಲ್ಲ, ನಾನೇ ಒಂದೊಂದಾಗಿ ಹೇಳುತ್ತಿದ್ದೆ. ಮಾತ್ರೆ ಎಷ್ಟು ದಿನಕ್ಕಿದೆ ಅಂತಲೂ ಕೇಳುತ್ತಿದ್ದೆ. ಬಿಪಿ, ಶುಗರ್ ಮಾತ್ರೆಯ ಖಾಲಿ ಹಾಳೆಯನ್ನು ಹುಡುಗರ ಕೈಗೆ ಕೊಟ್ಟರೆ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ಬರುತ್ತಿತ್ತು. ಫೋನಲ್ಲಿ ಹೆಸರು ಹೇಳಿಸಿಕೊಂಡು ತರುವುದು ಬೇಡ, ತಪ್ಪಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಒಂದೊಂದು ಮನೆಗೆ ಒಂದು ಪುಟ ಮಾಡಿದೆ. ಮೇಲೆ ದೊಡ್ಡದಾಗಿ "ನಂಬರ್ ಯಾರದು?" ಅಂತ ಬರೆದಿದ್ದೆ. ಗ್ಯಾಸಿಗೆ ಯಾರ ನಂಬರ್, ರೇಷನ್ ಕಾರ್ಡಿಗೆ ಯಾರ ನಂಬರ್, ಬ್ಯಾಂಕಿಗೆ ಯಾರದು. ಏಪ್ರಿಲ್‌ನಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳ ರೇಷನ್ ಒಟ್ಟಿಗೆ ಕೊಟ್ಟರು. ಸೋಂಕಿನ ಭಯಕ್ಕೆ ಹೆಬ್ಬೆರಳು ಒತ್ತಿಸುವುದು ಬೇಡ, ಮೊಬೈಲಿಗೆ ಓಟಿಪಿ ಬರುತ್ತದೆ ಅಂದರು. ಒಳ್ಳೆಯ ಯೋಚನೆಯೇ. ಆದರೆ ಓಟಿಪಿ ಹೋಗುವುದು ಹುಬ್ಬಳ್ಳಿಯಲ್ಲಿರುವ ಮಗಳಿಗೆ, ಸಾಲಿನಲ್ಲಿ ನಿಂತಿರುವುದು ಇಲ್ಲಿ ತಾಯಿ. ಆ ಪುಟ ಇದ್ದಿದ್ದರಿಂದ ಮೊದಲೇ ಮಗಳಿಗೆ ಫೋನ್ ಮಾಡಿ "ಇಂಥ ದಿನ ಹತ್ತು ಗಂಟೆಗೆ ಓಟಿಪಿ ಬರುತ್ತೆ, ತಕ್ಷಣ ಅಮ್ಮನಿಗೆ ಹೇಳಿ" ಅನ್ನಲು ಆಯಿತು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ತಲೆಗೆ 5 ಕಿಲೋ ಧಾನ್ಯ ಜಾಸ್ತಿ ಬರುವುದೂ ಇತ್ತು. ಅದನ್ನು ಬಿಡಬೇಡಿ ಅಂತ ಎಲ್ಲರಿಗೂ ಹೇಳಿದೆ. ನಮ್ಮ ವ್ಯಾಪಾರ ಅಷ್ಟು ಕಡಿಮೆ ಆಯಿತು, ಆಗಲಿ. ಪುಕ್ಕಟೆ ಸಿಗುವ ಅಕ್ಕಿಯನ್ನು ನನ್ನ ಹತ್ತಿರ ಉದ್ರಿ ಮಾಡಿ ತೆಗೆದುಕೊಳ್ಳುವುದು ಅವರಿಗೆ ಭಾರ.

ದುಡ್ಡಿನ ವಿಷಯದಲ್ಲಿ ಎರಡೇ ನಿಯಮ ಇಟ್ಟುಕೊಂಡೆವು. ಎಟಿಎಂ ಕಾರ್ಡು, ಪಿನ್ ಯಾರು ಕೊಟ್ಟರೂ ಮುಟ್ಟುವುದಿಲ್ಲ. ಚಿಲ್ಲರೆ ವಾಪಸ್ ಕೊಡುವುದಿಲ್ಲ, ಪುಸ್ತಕದಲ್ಲಿ ಮುಂದಿನ ಸಲಕ್ಕೆ ಬರೆದುಕೊಳ್ಳುತ್ತೇವೆ. ಪಿನ್ ಕೊಡಲು ಬಂದವರು ಆರು ಜನ. ನಂಬಿಕೆಯಿಂದಲೇ ಕೊಟ್ಟರು. ಆದರೆ ನಾಳೆ ಬೇರೆ ಯಾರೋ ಬಂದು ಕೇಳಿದರೂ ಹಾಗೇ ಕೊಡುತ್ತಾರೆ. ಪಿಂಚಣಿ ಬರುವವರಿಗೆ ಅಂಚೆಯವರ ದಾರಿ ಹೇಳಿದೆ. ಆಗ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ಆಧಾರ್ ಮೇಲೆ ಬ್ಯಾಂಕಿನ ದುಡ್ಡು ತೆಗೆದುಕೊಡುತ್ತಿದ್ದರು. ಇದರಿಂದ ಬ್ಯಾಂಕ್ ಮುಂದೆ ಬಿಸಿಲಲ್ಲಿ ನಿಲ್ಲುವುದು ತಪ್ಪಿತು.

ತಲುಪಿಸಲು ಮೂವರು. ನನ್ನ ಮಗ ಮತ್ತು ಓಣಿಯ ಇಬ್ಬರು ಹುಡುಗರು. ಎರಡು ಎಕ್ಸ್‌ಎಲ್ ಗಾಡಿ, ಪೊಲೀಸರಿಗೆ ತೋರಿಸಲು ಪಾಸು. ಸಹಾಯಕ್ಕೆ ಬರುತ್ತೇವೆ ಅಂದವರು ತುಂಬ ಇದ್ದರು, ಬೇಡ ಅಂದೆ. ಒಂದು ಮನೆಗೆ ಯಾವಾಗಲೂ ಅದೇ ಹುಡುಗ ಹೋಗಬೇಕು. ಮಾಸ್ಕ್ ಹಾಕಿದ ಹೊಸ ಮುಖ ಬಾಗಿಲು ಬಡಿದರೆ ಒಂಟಿ ಅಜ್ಜಿಗೆ ಹೆದರಿಕೆ ಆಗುವುದಿಲ್ಲವೇ? ಅದೂ ಅಲ್ಲದೆ ಹತ್ತು ಜನ ಹತ್ತು ಮನೆ ಸುತ್ತಿದರೆ ರೋಗವನ್ನು ನಾವೇ ಹೊತ್ತುಕೊಂಡು ಹೋದಂತೆ. ಹುಡುಗ ಚೀಲವನ್ನು ಕಟ್ಟೆಯ ಮೇಲಿಟ್ಟು, ಕೂಗಿ, ಆರು ಅಡಿ ಹಿಂದೆ ನಿಲ್ಲುತ್ತಿದ್ದ. ಅವರು ಹೊರಗೆ ಬಂದು ತೆಗೆದುಕೊಂಡದ್ದನ್ನು ನೋಡಿಯೇ ಹೊರಡಬೇಕು. ಚೀಲ ಇಟ್ಟು ಓಡಿ ಬಂದರೆ ಮನುಷ್ಯರು ಹೇಗಿದ್ದಾರೆ ಅನ್ನುವುದು ತಿಳಿಯುವುದಿಲ್ಲ.

ಚೀಲ ಐದು ಕಿಲೋ ದಾಟಬಾರದು. ಭಾರ ಆದರೆ ಎರಡು ಚೀಲ. ಇದು ಶುರುವಿನಲ್ಲಿ ಗೊತ್ತಿರಲಿಲ್ಲ. ಹದಿನೈದು ದಿನದ ಸಾಮಾನು ಒಂದೇ ಚೀಲದಲ್ಲಿ ತುಂಬಿ ಕಳಿಸಿದ್ದೆವು. ಒಬ್ಬ ಅಮ್ಮ ಅದನ್ನು ಒಳಗೆ ಎತ್ತಿಡಲು ಆಗದೆ, ಬಾಗಿಲಲ್ಲೇ ಕೂತು ಬಟ್ಟಲಲ್ಲಿ ಅಕ್ಕಿ ತುಂಬಿ ತುಂಬಿ ಒಳಗೆ ಒಯ್ದಿದ್ದರು. ಕಣ್ಣು ಕಾಣದ ದಂಪತಿಗೆ ಉಪ್ಪಿನ ಪೊಟ್ಟಣಕ್ಕೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು, ರವೆಗೆ ಮೂರು. ಇದನ್ನು ಹೇಳಿಕೊಟ್ಟವರು ಅವರೇ.

ತೊಳೆಯುವುದರ ಬಗ್ಗೆ ಆಗ ನಮಗೆಲ್ಲ ವಿಪರೀತ ಭಯ. ಪ್ರತಿ ಪಾಕೀಟು ಒರೆಸಿ ಒರೆಸಿ ಕೈ ಸುಲಿದುಹೋಯಿತು. ರೋಗ ಮುಖ್ಯವಾಗಿ ಉಸಿರಿನಿಂದ, ಗಾಳಿಯಲ್ಲಿ ಹರಡುತ್ತದೆ ಅಂತ ಆಮೇಲೆ ತಿಳಿಯಿತು. ಒಂದು ಮನೆಯಲ್ಲಿ ಸೊಪ್ಪು, ಟೊಮೆಟೊವನ್ನು ಬಟ್ಟೆಸೋಪಿನಲ್ಲಿ ತೊಳೆಯುತ್ತಿದ್ದರು. ಅದನ್ನು ನಿಲ್ಲಿಸಲು ಮೂರು ಸಲ ಹೇಳಬೇಕಾಯಿತು. ತರಕಾರಿಗೆ ಹರಿಯುವ ನೀರು ಸಾಕು, ಸೋಪು ಕೈಗೆ.

ಏಪ್ರಿಲ್ ಕೊನೆಗೆ ಜಿಲ್ಲೆ ಹಸಿರು ವಲಯ ಆಯಿತು ಅಂತ ಸಮಾಧಾನ ಪಟ್ಟಿದ್ದೆವು. ಅಷ್ಟರಲ್ಲೇ ಭಾಷಾನಗರ, ಜಾಲಿನಗರದಲ್ಲಿ ಸೋಂಕು ಕಾಣಿಸಿ ರಸ್ತೆಗಳಿಗೆ ಬ್ಯಾರಿಕೇಡ್ ಬಿತ್ತು. ನಮ್ಮ ಪಟ್ಟಿಯ ಎರಡು ಮನೆಯವರ ಹೆಣ್ಣುಮಕ್ಕಳು ಒಳಗಡೆ ಇದ್ದರು. ಚೀಲದ ಮೇಲೆ ಹೆಸರು, ಅಡ್ಡರಸ್ತೆ ಬರೆದು ಬ್ಯಾರಿಕೇಡಿನ ಹತ್ತಿರ ಕೊಡುತ್ತಿದ್ದೆವು. ನಾವು ಅಲ್ಲಿ ಮಾಡಲು ಸಾಧ್ಯವಾದದ್ದು ಅಷ್ಟೇ.

ಜೂನ್‌ನಲ್ಲಿ ಎಲ್ಲಾ ಸ್ವಲ್ಪ ಸಡಿಲ ಆದ ಮೇಲೆ ಮೂಲೆಮನೆ ಅಜ್ಜಿ ಮಾಸ್ಕ್ ಹಾಕಿಕೊಂಡು ತಾವೇ ಅಂಗಡಿಗೆ ಬಂದರು. ಎಷ್ಟು ಖುಷಿ ಆಯಿತು ಅಂದರೆ ಎದ್ದು ಹೊರಗೆ ಬಂದೆ. ಅವರು ಬೇಳೆ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಹಲ್ಲಲ್ಲಿ ಕಡಿದು ನೋಡಿ, "ಇದು ಬ್ಯಾಡಮ್ಮಾ, ಆ ಕಡೀ ಚೀಲದ್ದು ಕೊಡು. ನೀ ಕಳಿಸ್ತಿದ್ದ ಬ್ಯಾಳೆ ಬೇಯ್ತಿರಲಿಲ್ಲ" ಅಂದರು. ಎರಡು ತಿಂಗಳು ಆ ಬೇಳೆಯನ್ನೇ ಕಳಿಸಿದ್ದೆ. ವಾರಕ್ಕೆರಡು ಸಲ ಮಾತಾಡಿದ್ದೆ. ಒಂದು ಸಲವೂ ಅವರು ಹೇಳಿರಲಿಲ್ಲ. ನಾನು ಕಳಿಸುವವಳು, ಅವರು ಇಸಿದುಕೊಳ್ಳುವವರು. ಹಾಗಿದ್ದಾಗ ಬೇಳೆ ಸರಿ ಇಲ್ಲ ಅಂತ ಹೇಗೆ ಹೇಳಿಯಾರು? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

2021ರ ಮೇ ತಿಂಗಳಲ್ಲಿ ಮತ್ತೆ ಬಾಗಿಲು ಹಾಕುವ ಕಾಲ ಬಂತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಈ ಸಲ ರೋಗ ನಮ್ಮ ಓಣಿಯ ಒಳಗೇ ಇತ್ತು. ಮನೆಗೆ ಮನೆಯೇ ಮಲಗಿದ್ದ ಕಡೆ ದಿನಸಿ ಕೊಟ್ಟು ಪ್ರಯೋಜನ ಇರಲಿಲ್ಲ. ಅಡಿಗೆ ಮಾಡುವವರೇ ಇಲ್ಲ. ಎದುರುಮನೆಯವರು, ಹಿಂದಿನ ಮನೆಯವರು ಸರದಿ ಮೇಲೆ ಗಂಜಿ, ರಾಗಿ ಅಂಬಲಿ, ಮೆತ್ತಗಿನ ಅನ್ನ ಮಾಡಿ ಗೇಟಿಗೆ ನೇತುಹಾಕಿದರು. ರುಚಿ, ವಾಸನೆ ಹೋದವರಿಗೆ ಊಟ ಸೇರುತ್ತಿರಲಿಲ್ಲ, ನಿಂಬೆ ಉಪ್ಪಿನಕಾಯಿ ಒಂದು ಚೂರು ಇಟ್ಟರೆ ನಾಲ್ಕು ತುತ್ತು ಹೋಗುತ್ತಿತ್ತು. ಆ ತಿಂಗಳು ನಮ್ಮ ಪಟ್ಟಿಯಲ್ಲಿ ಇಬ್ಬರನ್ನು ಕಳೆದುಕೊಂಡೆವು. ಅವರ ಪುಟಗಳನ್ನು ಹರಿದಿಲ್ಲ.

ಆ ಸಲ ನನ್ನ ಫೋನಿನ ಮೊದಲ ಪ್ರಶ್ನೆ ಬೇರೆ ಇತ್ತು. "ಹೋದ ಸಲ ಕಳಿಸಿದ್ದರಲ್ಲಿ ಯಾವುದು ಸರಿ ಇರಲಿಲ್ಲ?" ಅಂತ ಕೇಳುತ್ತಿದ್ದೆ. "ಎಲ್ಲಾ ಚೆನ್ನಾಗಿತ್ತು" ಅಂದರೆ ಬಿಡುತ್ತಿರಲಿಲ್ಲ, "ಒಂದಾದರೂ ಹೇಳಲೇಬೇಕು" ಅನ್ನುತ್ತಿದ್ದೆ. ಆಗ ಒಂದೊಂದೇ ಬಂತು. ಅಕ್ಕಿಯಲ್ಲಿ ಕಲ್ಲು, ಆರಿಸಲು ಕಣ್ಣು ಕಾಣಲ್ಲ ಅಂದರು ಒಬ್ಬರು. ಶುಗರ್ ಇರುವವರೊಬ್ಬರು ಅಕ್ಕಿ ಕಡಿಮೆ ಮಾಡಿ ಜೋಳದ ಹಿಟ್ಟು ಕೊಡಿ ಅಂದರು. ಮಿಲ್ಲಿನ ಅಜ್ಜ ಮಾತ್ರ ಎರಡು ವಾರ ಏನೂ ಹೇಳಲಿಲ್ಲ. ಮೂರನೇ ವಾರ, "ಬೇಜಾರು ಮಾಡ್ಕೋಬ್ಯಾಡಮ್ಮಾ. ನಿಮ್ಮ ಹುಡುಗ ಪ್ಲಾಸ್ಟಿಕ್ ಚೀಲಕ್ಕೆ ಗಟ್ಟಿ ಗಂಟು ಹಾಕ್ತಾನೆ. ನನ್ನ ಬೆರಳು ಬಗ್ಗಲ್ಲ. ಹಲ್ಲಿಂದ ಬಿಚ್ಚಕ್ಕೆ ಹಲ್ಲೂ ಇಲ್ಲ. ಪಕ್ಕದ ಮನೆ ಹುಡುಗಿ ಬರೋ ತನಕ ಕಾಯ್ತೀನಿ" ಅಂದರು.

ಅವತ್ತೇ ಗಂಟು ಹಾಕುವುದನ್ನು ನಿಲ್ಲಿಸಿದೆವು. ಚೀಲದ ಬಾಯಿ ಎರಡು ಸಲ ಮಡಚಿ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದರೆ ಸಾಕು. ಒಂದು ಡಜನ್ ಕ್ಲಿಪ್ಪು ನಮ್ಮ ಅಂಗಡಿಯಲ್ಲೇ ಇತ್ತು. ಖಾಲಿ ಚೀಲದ ಜೊತೆ ಅವನ್ನು ಅಜ್ಜ ಎಣಿಸಿ ವಾಪಸ್ ಕಳಿಸುತ್ತಿದ್ದರು.