ಹಣ್ಣು ಮೊದಲು ನೆನೆಯಲಿ: ಬರುವ ಗೆಳತಿಗಾಗಿ ಮನೆಯಲ್ಲೇ ಕ್ರಿಸ್‌ಮಸ್ ಫ್ರೂಟ್ ಕೇಕ್

ಡಿಸೆಂಬರ್ ರಜೆಗೆ ಬರುತ್ತೇನೆ ಅಂತ ಸ್ನೇಹಿತರು ಫೋನ್ ಮಾಡಿದ ದಿನವೇ ಫ್ರೂಟ್ ಕೇಕಿನ ಕೆಲಸ ಶುರು ಮಾಡಬೇಕು. ಹಿಂದಿನ ದಿನ ಮಾಡಿದರಾಯ್ತು ಅಂತ ಬಿಟ್ಟರೆ ಬರೀ ದ್ರಾಕ್ಷಿ, ಗೋಡಂಬಿ ಉದುರಿಸಿದ ಸಾದಾ ಕೇಕ್ ಆಗುತ್ತದೆ. ಈ ಕೇಕಿನ ಅರ್ಧ ರುಚಿ ಬರುವುದು ಹಣ್ಣು ನೆನೆಯುವಾಗ. ಇನ್ನರ್ಧ ಬರುವುದು ಬೆಂದ ಮೇಲೆ ಮುಟ್ಟದೆ ಇಟ್ಟಾಗ. ನಡುವೆ ಓವನ್ನಿನಲ್ಲಿ ಇರುವುದು ಒಂದೂವರೆ ಗಂಟೆ ಅಷ್ಟೇ.

2007ರವರೆಗೆ ನಮ್ಮ ಚಿಕ್ಕಬಳ್ಳಾಪುರದವರೂ ಕೋಲಾರ ಜಿಲ್ಲೆಯವರೇ. ಅದೇ ಜಿಲ್ಲೆಯ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕೇಕ್ ಅಂದರೆ ವಾರಗಟ್ಟಲೆ ನಡೆಯುವ ಕೆಲಸ. 2001ರಲ್ಲಿ ಅಲ್ಲಿನ ಚಿನ್ನದ ಗಣಿ ಮುಚ್ಚಿತು, ಅಲ್ಲಿ ಬೆಳೆದ ಎಷ್ಟೋ ಜನ ಬೇರೆ ಬೇರೆ ಊರು ಸೇರಿಕೊಂಡರು. ಈ ಸಲ ನಮ್ಮ ಮನೆಗೆ ಬರುತ್ತಿರುವ ಗೆಳತಿಯೂ ಅಲ್ಲಿಯವಳೇ. ಅಂಥವಳ ಮುಂದೆ ಕೇಕ್ ಇಡಬೇಕಾದರೆ ಅವಸರದಲ್ಲಿ ಮಾಡಿದ್ದು ನಡೆಯುವುದಿಲ್ಲ. ಹಾಗಂತ ಎಲ್ಲವನ್ನೂ ದುಬಾರಿ ಅಂಗಡಿಯಿಂದ ತರಬೇಕಾಗಿಲ್ಲ. ನಮ್ಮ ಸಂತೆಯಲ್ಲಿ ಸಿಗುವ ಪರಂಗಿಕಾಯಿ, ಬೆಂಗಳೂರು ಬ್ಲೂ ದ್ರಾಕ್ಷಿ ಎರಡೂ ಈ ಕೇಕಿಗೆ ಚೆನ್ನಾಗಿ ಒಗ್ಗುತ್ತವೆ.

ಮೊದಲು ಒಂದು ಮಾತು ಕೇಳಿಬಿಡಿ

ಬರುವವರು ಮೊಟ್ಟೆ ತಿನ್ನುತ್ತಾರಾ? ರಮ್ ಹಾಕಿದರೆ ಪರವಾಗಿಲ್ವಾ? ಗೋಡಂಬಿ, ಬಾದಾಮಿ ಆಗಿಬರುತ್ತದಾ? ಫೋನಿನಲ್ಲೇ ಕೇಳಿಬಿಡಿ. ಬೇಯಿಸಿದರೆ ರಮ್ ಪೂರ್ತಿ ಆವಿಯಾಗುತ್ತದೆ ಅನ್ನುವ ನಂಬಿಕೆ ಇದೆ, ಅದು ತಪ್ಪು. ಒಂದಿಷ್ಟು ಉಳಿದೇ ಉಳಿಯುತ್ತದೆ. ಬೆಂದ ಮೇಲೆ ಮತ್ತೆ ಸವರಿದರಂತೂ ಕೇಳಲೇಬೇಡಿ. ಮನೆಯಲ್ಲಿ ಮಕ್ಕಳಿದ್ದರೆ, ಬರುವವರಿಗೆ ಇಷ್ಟವಿಲ್ಲದಿದ್ದರೆ, ದ್ರಾಕ್ಷಿ ರಸದ ದಾರಿಯೇ ಒಳ್ಳೆಯದು. ರುಚಿಯಲ್ಲಿ ಅದೇನೂ ಕಡಿಮೆಯಿಲ್ಲ.

ಬೇಕಾಗುವ ಸಾಮಾನು

ಇದು 8 ಇಂಚಿನ ದುಂಡನೆ ಟಿನ್ನಿನ ಲೆಕ್ಕ. ಟಿನ್ ಮೂರು ಇಂಚು ಆಳ ಇದ್ದರೆ ಒಳ್ಳೆಯದು.

ಹಣ್ಣು ಒಟ್ಟು 400 ಗ್ರಾಂ: ಕಪ್ಪು ಒಣದ್ರಾಕ್ಷಿ 120, ಮಾಮೂಲಿ ಒಣದ್ರಾಕ್ಷಿ 100, ಖರ್ಜೂರ 80, ಟೂಟಿ ಫ್ರೂಟಿ 70, ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ 30.
ಹಿಟ್ಟಿಗೆ: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 180 ಗ್ರಾಂ, ಪುಡಿ ಸಕ್ಕರೆ 130 ಗ್ರಾಂ, ಮೊಟ್ಟೆ 4, ಬೇಕಿಂಗ್ ಪೌಡರ್ 1 ಟೀ ಚಮಚ, ಉಪ್ಪು ಒಂದು ಚಿಟಿಕೆ, ಚೂರು ಮಾಡಿದ ಗೋಡಂಬಿ 60 ಗ್ರಾಂ.
ಮಸಾಲೆಗೆ: ಚಕ್ಕೆ ಪುಡಿ 1 ಟೀ ಚಮಚ, ಒಣಶುಂಠಿ ಪುಡಿ ಅರ್ಧ, ಲವಂಗದ ಪುಡಿ ಕಾಲು, ತುರಿದ ಜಾಯಿಕಾಯಿ ಕಾಲು.
ಕ್ಯಾರಮೆಲ್‌ಗೆ: ಸಕ್ಕರೆ 100 ಗ್ರಾಂ, ಬಿಸಿ ನೀರು 80 ಮಿಲಿ.

ಅಡುಗೆಮನೆಯ ತಕ್ಕಡಿ ಇದ್ದರೆ ತೂಕ ಮಾಡಿಯೇ ಹಾಕಿ. ಮೈದಾ ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ತುಂಬಾ ವ್ಯತ್ಯಾಸ ಬರುತ್ತದೆ. ಕೇಕ್ ಗಟ್ಟಿಯಾಗಲು ಅಷ್ಟು ಸಾಕು. ಬೆಣ್ಣೆಗೆ ಪ್ಯಾಕೆಟ್ ಬೆಣ್ಣೆಯೇ ಇರಲಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ಕೇಕಿಗೆ ಹುಳಿ ವಾಸನೆ ಹತ್ತುತ್ತದೆ.

ಟೂಟಿ ಫ್ರೂಟಿ ಮನೆಯಲ್ಲೇ

ಅಂಗಡಿಯ ಟೂಟಿ ಫ್ರೂಟಿ ಅಂದರೆ ಬಹುಪಾಲು ಪರಂಗಿಕಾಯಿಯೇ. ಸಕ್ಕರೆ ಪಾಕ, ಬಣ್ಣ, ಅಷ್ಟೇ. ಮನೆಯಲ್ಲಿ ಮಾಡಿದರೆ ಬಣ್ಣ ನಮ್ಮ ಕೈಯಲ್ಲಿರುತ್ತದೆ, ಸಿಹಿಯೂ ಹದವಾಗಿರುತ್ತದೆ.

ಅರ್ಧ ಕೆಜಿ ಗಟ್ಟಿ ಹಸಿರು ಕಾಯಿ ತನ್ನಿ. ಒಳಗೆ ಸ್ವಲ್ಪ ಹಳದಿ ತಿರುಗಿದ್ದರೂ ಬೇಡ, ಬೆಂದಾಗ ಮುದ್ದೆಯಾಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆಯಿರಿ, ಹಾಲು ಅಂಟುವುದಿಲ್ಲ. ಬೀಜ ತೆಗೆದು, ಒಳಗಿನ ಬಿಳಿ ಪೊರೆ ಕೆರೆದು, ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಬೇಯಿಸಿ. ಚೂರಿನ ಅಂಚು ಕನ್ನಡಿಯ ಹಾಗೆ ಹೊಳೆಯಲು ಶುರುವಾದರೆ ಇಳಿಸಿ, ನೀರು ಬಸಿಯಿರಿ.

ಒಂದೂವರೆ ಕಪ್ ಸಕ್ಕರೆಗೆ ಮುಕ್ಕಾಲು ಕಪ್ ನೀರು ಹಾಕಿ, ಸಕ್ಕರೆ ಕರಗಿದ ಮೇಲೆ ಬೆಂದ ಚೂರುಗಳನ್ನು ಬಿಡಿ. ಸಣ್ಣ ಉರಿಯಲ್ಲಿ ಒಂದೆಳೆ ಪಾಕ ಬರುವ ತನಕ ಕುದಿಸಿ. ಹದಿನೈದು ನಿಮಿಷ ಹಿಡಿಯಬಹುದು. ಒಂದು ಪಾಲಿಗೆ ಬೀಟ್‌ರೂಟ್ ರಸ ನಾಲ್ಕು ಹನಿ ಹಾಕಿ, ಇನ್ನೊಂದನ್ನು ಹಾಗೆಯೇ ಬಿಡಿ. ಪಾಕದಲ್ಲೇ ರಾತ್ರಿಯಿಡೀ ಇರಲಿ. ಬೆಳಿಗ್ಗೆ ಸೋಸಿ ತಟ್ಟೆಯಲ್ಲಿ ಹರಡಿ, ಒಂದು ದಿನ ಆರಿಸಿ. ಮುಟ್ಟಿದರೆ ಕೈಗೆ ಅಂಟಬಾರದು, ಒತ್ತಿದರೆ ಮೆತ್ತಗಿರಬೇಕು. ಉಳಿದ ಪಾಕ ಚೆಲ್ಲಬೇಡಿ, ಶರಬತ್ತಿಗೆ ಆಗುತ್ತದೆ.

ಹಣ್ಣು ನೆನೆಸುವುದು

ರಮ್ ಹಾಕುವುದಾದರೆ ಕೆಲಸ ಸುಲಭ. ಒಣದ್ರಾಕ್ಷಿಯನ್ನು ತೊಳೆದು ಪೂರ್ತಿ ಆರಿಸಿ. ಎಲ್ಲ ಹಣ್ಣನ್ನೂ ದ್ರಾಕ್ಷಿಯ ಗಾತ್ರಕ್ಕೆ ಹೆಚ್ಚಿ, ಒಣಗಿದ ಗಾಜಿನ ಜಾಡಿಗೆ ತುಂಬಿ, 150 ಮಿಲಿ ರಮ್ ಸುರಿಯಿರಿ. ಎರಡು ದಿನಕ್ಕೊಮ್ಮೆ ಒಣ ಚಮಚದಲ್ಲಿ ಕೆಳಗಿನದನ್ನು ಮೇಲೆ ಮಾಡಿ. ಎರಡು ಮೂರು ವಾರ ಹೀಗೇ ಇರಲಿ, ಇನ್ನೂ ಜಾಸ್ತಿ ಇದ್ದರೂ ಕೆಡುವುದಿಲ್ಲ. ಕ್ರಿಸ್‌ಮಸ್‌ಗೆ ಬೇಕು ಅಂದರೆ ಡಿಸೆಂಬರ್ ಮೊದಲ ದಿನಗಳಲ್ಲೇ ಜಾಡಿ ತುಂಬಿಸಿಡಬೇಕು.

ನನಗೆ ಹೆಚ್ಚು ಇಷ್ಟ ದ್ರಾಕ್ಷಿ ರಸದ ವಿಧಾನ. ನಂದಿ ಬೆಟ್ಟದ ಆಸುಪಾಸಿನಲ್ಲಿ ಬೆಳೆಯುವ ಬೆಂಗಳೂರು ಬ್ಲೂ ಇದೆಯಲ್ಲ, ದಪ್ಪ ಸಿಪ್ಪೆ, ಒಳಗೆ ಬೀಜ, ಮೂಗಿಗೆ ಹೊಡೆಯುವ ಘಮ. ಬೀಜ ಇದೆ ಅಂತ ತಿನ್ನಲು ಬೇಜಾರು ಪಡುವವರಿದ್ದಾರೆ. ಆದರೆ ರಸಕ್ಕೆ ಇದರಷ್ಟು ಚೆನ್ನಾದ ದ್ರಾಕ್ಷಿ ಸಿಗುವುದು ಕಷ್ಟ. ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಬೆಳೆ ಅನ್ನುವ ಅಧಿಕೃತ ಗುರುತು ಪಡೆದಿರುವ ತಳಿ ಇದು. ಸೂಪರ್ ಮಾರ್ಕೆಟ್ಟಿನ ಡಬ್ಬದ ಜ್ಯೂಸ್ ಹಾಕಿ ಇದರ ಘಮ ಬರಲಿ ಅಂದರೆ ಬರುವುದಿಲ್ಲ.

ಅರ್ಧ ಕೆಜಿ ಹಣ್ಣನ್ನು ತೊಳೆದು, ಅರ್ಧ ಕಪ್ ನೀರು ಹಾಕಿ ಬೇಯಿಸಿ. ಸಿಪ್ಪೆ ಒಡೆದು ನೀರೆಲ್ಲ ಕಡು ನೇರಳೆ ಆದಾಗ ಸೌಟಿನಲ್ಲಿ ಹಿಸುಕಿ ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ಬೀಜ ಪುಡಿಯಾಗಿ ಕಹಿ ಬಿಡುತ್ತದೆ. ಸೋಸಿದ ರಸವನ್ನು ಸುಮಾರು 200 ಮಿಲಿ ಆಗುವವರೆಗೆ ಕುದಿಸಿ ಇಂಗಿಸಿ. ಹೆಚ್ಚಿದ ಹಣ್ಣನ್ನು ಆ ಬಿಸಿ ರಸಕ್ಕೇ ಹಾಕಿ, ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ಮುಚ್ಚಿಡಿ. ಆರಿದ ಮೇಲೆ ಫ್ರಿಜ್‌ಗೆ. ಒಂದು ರಾತ್ರಿ ಸಾಕು, ಎರಡು ದಿನವಾದರೆ ಇನ್ನೂ ಚೆನ್ನ. ರಮ್ ಥರ ವಾರಗಟ್ಟಲೆ ಇಡುವ ಹಾಗಿಲ್ಲ. ನೊರೆ ಕಂಡರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಎರಡರಲ್ಲಿ ಯಾವುದೇ ಆದರೂ, ಕೇಕ್ ಮಾಡುವ ದಿನ ಹಣ್ಣಿನ ತಳದಲ್ಲಿ ಮೂರು ನಾಲ್ಕು ದೊಡ್ಡ ಚಮಚಕ್ಕಿಂತ ಜಾಸ್ತಿ ರಸ ಇರಬಾರದು. ಹೆಚ್ಚಿದ್ದರೆ ಬಸಿದು ತೆಗೆದಿಡಿ.

ಕ್ಯಾರಮೆಲ್

ಕೇಕಿನ ಕಂದು ಬಣ್ಣ ಬರುವುದು ಇದರಿಂದಲೇ. ದಪ್ಪ ತಳದ ಪಾತ್ರೆಗೆ ಬರೀ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿಡಿ. ಚಮಚ ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಆಡಿಸಿ. ಮೊದಲು ಅಂಚಿನಲ್ಲಿ ಕರಗುತ್ತದೆ, ಆಮೇಲೆ ಜೇನಿನ ಬಣ್ಣ, ಆಮೇಲೆ ಕಾಫಿ ಡಿಕಾಕ್ಷನ್ ಬಣ್ಣ. ಇಲ್ಲಿಂದ ಮುಂದೆ ಪಾತ್ರೆ ಬಿಟ್ಟು ಕದಲಬೇಡಿ, ಕ್ಷಣದಲ್ಲಿ ಸೀದು ಹೋಗುತ್ತದೆ. ಹೊಗೆ ಸಣ್ಣಗೆ ಏಳುತ್ತಿದ್ದ ಹಾಗೆ ಒಲೆ ಆರಿಸಿ ಬಿಸಿ ನೀರನ್ನು ನಿಧಾನವಾಗಿ ಸುರಿಯಿರಿ. ತಣ್ಣೀರು ಖಂಡಿತ ಬೇಡ. ಬಿಸಿ ನೀರಿಗೂ ಜೋರಾಗಿ ಸಿಡಿಯುತ್ತದೆ, ಕೈ ಮುಖ ದೂರ ಇರಲಿ, ಮಕ್ಕಳು ಹತ್ತಿರ ಬರದಿರಲಿ. ಗಂಟು ಕಟ್ಟಿದರೆ ಮತ್ತೆ ಒಲೆಯ ಮೇಲಿಟ್ಟರೆ ಕರಗುತ್ತದೆ. ಪೂರ್ತಿ ಆರಿದ ಮೇಲೇ ಬಳಸಬೇಕು.

ಹಿಟ್ಟು ಕಲಸುವುದು

ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಚಳಿ ಜಾಸ್ತಿ. ಬೆಣ್ಣೆ, ಮೊಟ್ಟೆ ಎರಡನ್ನೂ ಎರಡು ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ. ಬೆಣ್ಣೆಗೆ ಬೆರಳು ಒತ್ತಿದರೆ ಗುಳಿ ಬೀಳಬೇಕು, ಕರಗಿ ಎಣ್ಣೆ ಆಗಿರಬಾರದು.

ಬೆಣ್ಣೆ, ಸಕ್ಕರೆ ಸೇರಿಸಿ ಬೀಟರ್‌ನಲ್ಲಿ ಬಿಳುಪಾಗುವ ತನಕ ನೊರೆ ಬರಿಸಿ. ಮೊಟ್ಟೆ ಒಂದೊಂದಾಗಿ ಒಡೆದು ಹಾಕಿ, ಒಂದು ಪೂರ್ತಿ ಬೆರೆತ ಮೇಲೇ ಇನ್ನೊಂದು. ಮಿಶ್ರಣ ಒಡೆದ ಹಾಲಿನಂತೆ ಕಂಡರೆ ಗಾಬರಿ ಬೇಡ. ಒಂದು ಚಮಚ ಮೈದಾ ಹಾಕಿ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ನಂತರ ಕ್ಯಾರಮೆಲ್.

ಮೈದಾ, ಬೇಕಿಂಗ್ ಪೌಡರ್, ಉಪ್ಪು, ಮಸಾಲೆಗಳನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಇದರಲ್ಲಿ ಎರಡು ಚಮಚ ತೆಗೆದು ಹಣ್ಣು, ಗೋಡಂಬಿಗೆ ಸವರಿ. ಉಳಿದದ್ದನ್ನು ಮೂರು ಸಲಕ್ಕೆ ಹಾಕುತ್ತಾ ಚಮಚದಲ್ಲಿ ಮೆಲ್ಲಗೆ ಮಗುಚಿ. ಈಗ ಬೀಟರ್ ಬೇಡ. ಕೊನೆಗೆ ಹಣ್ಣು. ಹಣ್ಣು ತಳ ಸೇರದಂತೆ ಹಿಡಿಯುವುದು ಸವರಿದ ಮೈದಾಕ್ಕಿಂತ ಹಿಟ್ಟಿನ ಗಟ್ಟಿತನ. ಚಮಚದಲ್ಲಿ ಎತ್ತಿದರೆ ಹರಿಯದೆ ಮುದ್ದೆಯಾಗಿ ಬೀಳಬೇಕು.

ಮೊಟ್ಟೆ ಬೇಡದವರು ಅದರ ಬದಲು ಮುಕ್ಕಾಲು ಕಪ್ ಹುಳಿಯಿಲ್ಲದ ಗಟ್ಟಿ ಮೊಸರು, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ. ಬೇಕಿಂಗ್ ಪೌಡರ್ ಇದ್ದೇ ಇರಲಿ. ಸೋಡಾ ತಗುಲಿದರೆ ದ್ರಾಕ್ಷಿ ರಸದ ನೇರಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಕ್ಯಾರಮೆಲ್‌ನಲ್ಲಿ ಅದು ಕಾಣುವುದಿಲ್ಲ. ಈ ಕೇಕ್ ಸ್ವಲ್ಪ ಮೃದು, ಕತ್ತರಿಸುವಾಗ ಉದುರಬಹುದು.

ಬೇಯಿಸುವುದು

ಟಿನ್ನಿನ ತಳಕ್ಕೂ ಸುತ್ತಲಿಗೂ ಎರಡು ಪದರ ಬಟರ್ ಪೇಪರ್ ಹಾಕಿ. ಸುತ್ತಲಿನ ಕಾಗದ ಟಿನ್ನಿಗಿಂತ ಒಂದು ಇಂಚು ಎತ್ತರ ಇರಲಿ. ಹಿಟ್ಟು ಸುರಿದು ನಡುವೆ ಸ್ವಲ್ಪ ತಗ್ಗು ಮಾಡಿ, ಉಬ್ಬಿದಾಗ ಮೇಲ್ಭಾಗ ಸಮ ಬರುತ್ತದೆ.

ಓಟಿಜಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಇದ್ದರೆ ಮೊದಲೇ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನಡುವಿನ ತಟ್ಟಿನಲ್ಲಿಟ್ಟು 80ರಿಂದ 100 ನಿಮಿಷ ಬೇಯಿಸಿ. ಉರಿ ಜಾಸ್ತಿ ಮಾಡಿ ಬೇಗ ಮುಗಿಸಲು ಹೋಗಬೇಡಿ. ಹಣ್ಣಿನ ಸಕ್ಕರೆ ಹೊರಗೆ ಸೀದು, ಒಳಗೆ ಹಸಿ ಉಳಿಯುತ್ತದೆ. ಒಂದು ಗಂಟೆಯ ಹೊತ್ತಿಗೆ ಮೇಲೆ ಕೆಂಪಾಗಿದ್ದರೆ ಫಾಯಿಲ್ ಸಡಿಲವಾಗಿ ಮುಚ್ಚಿ, ಕಂಬಿಗೆ ತಾಗದಂತೆ ನೋಡಿಕೊಳ್ಳಿ.

ಓವನ್ ಇಲ್ಲದಿದ್ದರೆ ದೊಡ್ಡ ಕುಕ್ಕರ್ ಸಾಕು. ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದಿಡಿ. ತಳಕ್ಕೆ ಎರಡು ಕಪ್ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಡಿ. ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ ಟಿನ್ ಇಳಿಸಿ, ಮುಚ್ಚಳ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಮೊದಲ ಒಂದು ಗಂಟೆ ತೆಗೆದು ನೋಡುವ ಆಸೆ ಬೇಡ.

ಬೆಂದಿದೆಯೋ ಇಲ್ಲವೋ ನೋಡಲು ನಡುವೆ ಕಡ್ಡಿ ಚುಚ್ಚುವುದು ಎಲ್ಲರಿಗೂ ಗೊತ್ತು. ಇನ್ನೊಂದು ದಾರಿ ಕಿವಿ. ಟಿನ್ನನ್ನು ಹೊರಗೆ ತೆಗೆದು ಹತ್ತಿರ ಕಿವಿ ಕೊಡಿ. ಒಳಗಿನಿಂದ ಚಿಟಿಚಿಟಿ ಸದ್ದು ಜೋರಾಗಿ ಕೇಳಿದರೆ ತೇವ ಇನ್ನೂ ಇದೆ, ಹತ್ತು ನಿಮಿಷ ವಾಪಸ್ ಇಡಿ. ಸದ್ದು ಬಹುತೇಕ ನಿಂತಿದ್ದರೆ ಬೆಂದಿದೆ. ಕಡ್ಡಿಗೆ ಖರ್ಜೂರ ಅಂಟಿಕೊಂಡು ಮೋಸ ಆಗುವುದುಂಟು, ಸದ್ದಿನಲ್ಲಿ ಆ ಗೊಂದಲ ಇಲ್ಲ.

ಇಡುವುದು, ಕತ್ತರಿಸುವುದು

ಟಿನ್ನಿನಲ್ಲೇ ಪೂರ್ತಿ ಆರಲಿ. ರಮ್ ಕೇಕ್ ಆದರೆ ಬಿಸಿ ಇರುವಾಗಲೇ ಎರಡು ಚಮಚ ರಮ್ ಸವರಿ. ಮೊದಲು ಬಟರ್ ಪೇಪರ್, ಅದರ ಮೇಲೆ ಫಾಯಿಲ್ ಸುತ್ತಿ ಡಬ್ಬಿಯಲ್ಲಿಡಿ. ಹಣ್ಣಿನ ಹುಳಿಗೆ ಫಾಯಿಲ್ ನೇರವಾಗಿ ತಾಗಬಾರದು. ರಮ್ ಕೇಕ್ ವಾರಗಟ್ಟಲೆ ಚೆನ್ನಾಗಿರುತ್ತದೆ, ಸ್ನೇಹಿತರು ಬರುವ ಒಂದು ವಾರ ಮೊದಲೇ ಮಾಡಿಡಿ. ದ್ರಾಕ್ಷಿ ರಸದ್ದನ್ನು ಎರಡು ದಿನ ಮೊದಲು ಮಾಡಿದರೆ ಸಾಕು. ಈ ಚಳಿಗೆ ಮೂರು ದಿನ ಹೊರಗಿಡಬಹುದು, ಆಮೇಲೆ ಫ್ರಿಜ್. ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಬಿಟ್ಟು ಕೊಡಿ, ತಣ್ಣಗಿರುವಾಗ ಬೆಣ್ಣೆ ಗಟ್ಟಿಯಾಗಿ ರುಚಿಯೇ ಗೊತ್ತಾಗುವುದಿಲ್ಲ.

ಹಲ್ಲಿರುವ ಬ್ರೆಡ್ ಚಾಕುವಿನಲ್ಲಿ ತೆಳ್ಳಗೆ ಕತ್ತರಿಸಿ. ಸಿಹಿ ದಟ್ಟವಾಗಿರುವುದರಿಂದ ಜೊತೆಗೆ ಸಕ್ಕರೆ ಕಡಿಮೆ ಹಾಕಿದ ಕಾಫಿ ಸರಿಯಾಗುತ್ತದೆ. ಊರಿಗೆ ಹೊರಡುವವರಿಗೆ ಕಟ್ಟಿಕೊಡುವುದಿದ್ದರೆ ಹೋಳು ಮಾಡಬೇಡಿ, ಒಂದೇ ದೊಡ್ಡ ತುಂಡು ಕೊಡಿ. ಕತ್ತರಿಸಿದ ಕಡೆಗೆಲ್ಲ ಬಟರ್ ಪೇಪರ್ ಒತ್ತಿ ಸುತ್ತಿ, ಗಟ್ಟಿ ಡಬ್ಬಿಗೆ ಹಾಕಿ, ಮಾಡಿದ ತಾರೀಖು ಬರೆದ ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಿ. ರಮ್ ಇದ್ದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ.