ಕಾಳುಮೆಣಸಿನಷ್ಟು ಬೀಜಕೇಂದ್ರ

ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಒಂಬತ್ತನೆಯ ತರಗತಿಯ ಪರಮಾಣು ರಚನೆಯ ಪಾಠವನ್ನು ಬಹಳ ವರ್ಷ ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಂದು ನಾಲ್ಕು ಚಿತ್ರಗಳನ್ನು ಸಾಲಾಗಿ ಬರೆದು ಮುಗಿಸುತ್ತಿದ್ದೆ. ಮಕ್ಕಳಿಗೆ ಅಂಕಗಳೂ ಬರುತ್ತಿದ್ದವು. ಒಮ್ಮೆ ಹುಡುಗಿಯೊಬ್ಬಳು, “ಅಕ್ಕೋರೇ, ಥಾಮ್ಸನ್ ಹೇಳಿದ್ದು ತಪ್ಪು ಅಂತಾದ್ರೆ ಅದನ್ನ ನಾವು ಯಾಕೆ ಬಾಯಿಪಾಠ ಮಾಡಬೇಕು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಚಿತ್ರವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಂತೆ ವಿಜ್ಞಾನಿಗಳನ್ನು ಒತ್ತಾಯಿಸಿದ್ದು ಏನೆಂಬುದನ್ನು ನಾನು ಕಲಿಸಿಯೇ ಇರಲಿಲ್ಲ.

ಮರುವರ್ಷ ಥಾಮ್ಸನ್ನನ ಕಷ್ಟದಿಂದಲೇ ಪಾಠ ಆರಂಭಿಸಿದೆ. ಅನಿಲ ತೆಳುವಾಗಿರುವ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹಾಯಿಸಿದಾಗ ಹೊಮ್ಮುವ ಕ್ಯಾಥೋಡ್ ಕಿರಣಗಳಲ್ಲಿ ಹರಿಯುವುದು ಪರಮಾಣುವಿಗಿಂತ ಬಹಳ ಹಗುರವಾದ ಋಣಾವೇಶದ ಕಣಗಳೆಂದೂ, ಕೊಳವೆಯಲ್ಲಿ ಯಾವ ಅನಿಲವಿದ್ದರೂ ಅವು ಒಂದೇ ಬಗೆಯವೆಂದೂ ಆತ 1897ರಲ್ಲಿ ಕಂಡುಕೊಂಡ ಮೇಲೆ, ಡಾಲ್ಟನ್ನನ ಒಡೆಯಲಾಗದ ಪರಮಾಣು ಉಳಿಯುವಂತಿರಲಿಲ್ಲ. ಆದರೆ ವಸ್ತುಗಳಿಗೆ ಒಟ್ಟಾರೆ ಆವೇಶವಿಲ್ಲ; ಋಣಾವೇಶಕ್ಕೆ ಸಮನಾದ ಧನಾವೇಶ ಒಳಗೆಲ್ಲೋ ಇರಲೇಬೇಕು. ಅದು ಕಲ್ಲಂಗಡಿಯ ತಿರುಳಿನಂತೆ ಎಲ್ಲೆಡೆ ಹರಡಿದ್ದು, ಎಲೆಕ್ಟ್ರಾನ್‌ಗಳೆಂಬ ಆ ಋಣಾವೇಶದ ಕಣಗಳು ಬೀಜಗಳಂತೆ ನಡುವೆ ಕೂತಿವೆ ಎಂದು ಊಹಿಸುವುದಕ್ಕೆ ಆಗ ಯಾವ ಅಡ್ಡಿಯೂ ಇರಲಿಲ್ಲ. ಇಷ್ಟು ತಿಳಿದ ಮಕ್ಕಳು ಆತನನ್ನು ತಪ್ಪು ಮಾಡಿದವನೆಂದು ಕರೆಯುವುದಿಲ್ಲ.

ರುದರ್‌ಫೋರ್ಡ್‌ಗಾಗಿ ಮೂರಡಿ ಅಗಲದ ಹಲಗೆಯೊಂದನ್ನು ಇಟ್ಟಿಗೆಗಳ ಮೇಲಿಟ್ಟು, ಅದರಡಿ ಮರದ ದೊಡ್ಡ ತುಂಡೊಂದನ್ನು ಅಡಗಿಸಿ, ಗೋಲಿಗಳನ್ನು ಉರುಳಿಸಿ ಒಳಗಿನ ಆಕಾರ ಊಹಿಸುವಂತೆ ಹೇಳಿದೆ. ಊಹೆಯೇನೋ ಸರಿಯಾಯಿತು. ಆದರೆ ಅರ್ಧದಷ್ಟು ಗೋಲಿಗಳು ಬಡಿದು ತಿರುಗಿದ್ದರಿಂದ, ಒಬ್ಬ ಹುಡುಗ “ಪರಮಾಣುವಿನ ಒಳಗೆ ಹೆಚ್ಚಿನ ಭಾಗ ಗಟ್ಟಿ” ಎಂದು ಪಟ್ಟಿಯಲ್ಲಿ ಬರೆದುಕೊಂಡ. ಕಂಡದ್ದನ್ನೇ ಆತ ಬರೆದಿದ್ದ. ತಪ್ಪು ನನ್ನ ಜೋಡಣೆಯಲ್ಲಿತ್ತು. ಮರುದಿನ ತುಂಡನ್ನು ತೆಗೆದು ಒಂದೇ ಒಂದು ಮೊಳೆಯನ್ನು ನಿಲ್ಲಿಸಿದೆ. ಇನ್ನೂರು ಸಲ ಉರುಳಿಸಿದಾಗ ದಾರಿ ತಪ್ಪಿದ್ದು ಐದು ಗೋಲಿ. ಮೊದಲು ಬೇಸರದಿಂದ ಎಣಿಸುತ್ತಿದ್ದವರು, ಟಣ್ಣೆಂದು ಮೊದಲ ಗೋಲಿ ಪಕ್ಕಕ್ಕೆ ಹಾರಿದಾಗ ಎದ್ದೇ ನಿಂತರು.

ಆಗ 1909ರ ಕತ್ತಲ ಕೋಣೆಯ ವಿಷಯ ಹೇಳಿದೆ. ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಸ್‌ಡನ್, ಧನಾವೇಶದ ಆಲ್ಫಾ ಕಣ ಪರದೆಗೆ ತಗುಲಿದಾಗ ಹೊಮ್ಮುವ ಮಿಣುಕನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಪ್ಲಾಟಿನಂ ತಗಡಿನಿಂದ ಹಿಂದಕ್ಕೆ ಮರಳಿದ್ದು ಸುಮಾರು 8,000ಕ್ಕೆ ಒಂದು ಕಣ. ಹರಡಿಕೊಂಡ ಧನಾವೇಶಕ್ಕೆ ಇಷ್ಟು ಬಲವಾಗಿ ತಳ್ಳುವ ಶಕ್ತಿ ಇರದು. ಅದೆಲ್ಲ ನಾವೀಗ ಬೀಜಕೇಂದ್ರ ಎನ್ನುವ ನಡುವಿನ ಪುಟ್ಟ ಜಾಗದಲ್ಲಿ ಒತ್ತಾಗಿ ಸೇರಿರಬೇಕು ಎಂದು 1911ರಲ್ಲಿ ರುದರ್‌ಫೋರ್ಡ್ ಲೆಕ್ಕ ಹಾಕಿ ತೋರಿಸಿದ. ಗೋಲಿ ಮೊಳೆಗೆ ಬಡಿಯುತ್ತದೆ, ಆಲ್ಫಾ ಕಣವನ್ನಾದರೋ ವಿಕರ್ಷಣೆ ಮುಟ್ಟದೆಯೇ ತಿರುಗಿಸುತ್ತದೆ ಎಂಬ ವ್ಯತ್ಯಾಸವನ್ನು ಇಲ್ಲಿ ಬಿಡದೆ ಹೇಳಬೇಕು. ಅನಂತರ ಮೈದಾನದ ನಡುವೆ ಒಂದು ಕಾಳುಮೆಣಸಿಟ್ಟು ಐವತ್ತು ಮೀಟರ್ ನಡೆಸುತ್ತೇನೆ. ಚಿನ್ನದ ಬೀಜಕೇಂದ್ರ ಆ ಕಾಳಿನಷ್ಟಿದ್ದರೆ ಪರಮಾಣುವಿನ ಅಂಚು ಸರಿಸುಮಾರು ಅಲ್ಲಿರುತ್ತದೆ. ತೋಟದ ಮನೆಗಳಿಂದ ಬರುವ ಮಕ್ಕಳಿಗೆ ಮೆಣಸಿನ ಕಾಳಿನ ಗಾತ್ರ ಕೈಗೇ ಗೊತ್ತು. ಹಾಗಾಗಿ ಹಿಂತಿರುಗಿ ನೋಡಿದಾಗ ಅದು ಕಾಣದಿರುವುದೇ ದೊಡ್ಡ ಪಾಠವಾಗುತ್ತದೆ.

ಬೋರ್‌ನ ಪಾಠಕ್ಕೆ ಸಾಣಿಕಟ್ಟಾದ ಉಪ್ಪು ಸಾಕು. ಸ್ಪಿರಿಟ್ ದೀಪದ ಜ್ವಾಲೆಗೆ ಚಿಟಿಕೆ ಹಾಕಿ ಹಳೆಯ ಸಿ.ಡಿ.ಯಲ್ಲಿ ಅದರ ಪ್ರತಿಬಿಂಬ ನೋಡಿದರೆ, ಕಾಮನಬಿಲ್ಲಿನ ಬದಲು ಹಳದಿಯೊಂದೇ ಎದ್ದು ಕಾಣುತ್ತದೆ. ಎಲೆಕ್ಟ್ರಾನ್‌ಗೆ ನಿಗದಿತ ಶಕ್ತಿಮಟ್ಟಗಳು ಮಾತ್ರ ಇವೆ ಎಂದು ಬೋರ್ 1913ರಲ್ಲಿ ಹೇಳಿದ್ದು ಇಂಥ ಬಣ್ಣದ ಗೆರೆಗಳನ್ನು ವಿವರಿಸಲು. “ಹಾಗಾದ್ರೆ ಉಪ್ಪಿನ ಲೆಕ್ಕವೂ ಸರಿ ಬರ್ತದಾ?” ಎಂದು ಈ ವರ್ಷ ಒಬ್ಬಳು ಕೇಳಿದಳು. ಬರುವುದಿಲ್ಲ, ಆತನ ಲೆಕ್ಕ ಚೆನ್ನಾಗಿ ಹೊಂದುವುದು ಒಂದೇ ಎಲೆಕ್ಟ್ರಾನಿನ ಹೈಡ್ರೋಜನ್‌ಗೆ. 1926ರಲ್ಲಿ ಶ್ರೋಡಿಂಗರ್ ಕೊಟ್ಟ ಸಮೀಕರಣ ನಮ್ಮ ತರಗತಿಗೆ ಮೀರಿದ್ದು. ಆದರೂ ಎಲೆಕ್ಟ್ರಾನಿನ ದಾರಿಯೆಂದು ನಾನು ಬರೆದಿದ್ದ ವೃತ್ತಗಳನ್ನು ಒರೆಸಿ, ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟೆಂದು ತೋರಿಸಲು ಸೀಮೆಸುಣ್ಣದ ಚುಕ್ಕಿಗಳನ್ನು ನಡುವೆ ದಟ್ಟವಾಗಿ, ಅಂಚಿಗೆ ವಿರಳವಾಗಿ ಇಡುತ್ತ ಹೋದೆ.