ನಿಂತುಹೋದ ಧಾರಾವಾಹಿಯನ್ನು ಯೂಟ್ಯೂಬಿಗೆ ಒಯ್ದ ನನ್ನ ಅನುಭವ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಚಿತ್ರೀಕರಣ ನಿಂತಾಗ ನಮ್ಮ ಧಾರಾವಾಹಿ 143ನೆಯ ಸಂಚಿಕೆಯಲ್ಲಿತ್ತು. ಮುಳುಗಡೆಯಾದ ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಕೂಡು ಕುಟುಂಬವೊಂದರ ಕಥೆ ಅದು. ಬೇರೆಯವರೆಲ್ಲ ಚಿತ್ರೀಕರಣಕ್ಕೆ ಮರಳಿದ ಮೇಲೆ ವಾಹಿನಿಯವರು ನಮ್ಮದನ್ನು ಒಂದು ಫೋನ್ ಕರೆಯಲ್ಲಿ ಮುಗಿಸಿದರು. ಮನೆಯ ಹಿರಿಮಗ ಪರಿಹಾರದ ಚೆಕ್ ಹಿಡಿದು ಹೊಸ್ತಿಲಲ್ಲಿ ನಿಂತವನು ಅಲ್ಲಿಯೇ ನಿಂತ.

ಇದನ್ನು ಯೂಟ್ಯೂಬಿಗೆ ಒಯ್ಯುತ್ತೇನೆ ಎಂದಾಗ ಹುಬ್ಬಳ್ಳಿಯ ಹಿರಿಯ ನಿರ್ಮಾಪಕರೊಬ್ಬರು, ‘ಅಮೆರಿಕಾದವ್ರ ಕೈಲೇ ಆಗಲಿಲ್ಲ, ನಿನ್ನ ಕೈಲೆ ಏನ್ ಆಗತೈತೋ ತಮ್ಮಾ’ ಎಂದು ನಕ್ಕರು. ಅವರ ಮಾತಿನಲ್ಲಿ ಹುರುಳಿತ್ತು. ಅಲ್ಲಿಯ ಎಬಿಸಿ ವಾಹಿನಿ 2011ರಲ್ಲಿ ಕೈಬಿಟ್ಟ ‘ಆಲ್ ಮೈ ಚಿಲ್ಡ್ರನ್’ ಮತ್ತು ‘ಒನ್ ಲೈಫ್ ಟು ಲಿವ್’ ನಾಲ್ಕು ದಶಕ ನಡೆದ ಧಾರಾವಾಹಿಗಳು. ಅವುಗಳನ್ನು ಪ್ರಾಸ್ಪೆಕ್ಟ್ ಪಾರ್ಕ್ ಎಂಬ ಸಂಸ್ಥೆ 2013ರ ಏಪ್ರಿಲ್‌ನಲ್ಲಿ ಅಂತರ್ಜಾಲದಲ್ಲಿ ಮತ್ತೆ ಆರಂಭಿಸಿ, ಕೆಲವೇ ವಾರಗಳಲ್ಲಿ ವಾರಕ್ಕೆ ನಾಲ್ಕಿದ್ದ ಹೊಸ ಸಂಚಿಕೆಗಳನ್ನು ಎರಡಕ್ಕೆ ಇಳಿಸಿ, ಆ ವರ್ಷವೇ ನಿಲ್ಲಿಸಿಬಿಟ್ಟಿತು. ನಾನು ಅದರಿಂದ ಕಲಿತದ್ದು ಬೇರೆಯೇ: ಇಳಿಯುವುದಾದರೆ ಮೊದಲೇ ಇಳಿಯಬೇಕು. ಹೊಸ ಸಂಚಿಕೆ ವಾರಕ್ಕೆ ಒಂದೇ ಎಂದು ನಿಶ್ಚಯಿಸಿದೆ.

ಮೊದಲ ಜಗಳ ಹಕ್ಕಿನದು. ಎಲ್ಲವೂ ತಮ್ಮದೆಂದು ವಾಹಿನಿಯವರು ಪತ್ರ ಬರೆದರು. 2019ರ ಆಗಸ್ಟ್‌ನ ಒಪ್ಪಂದವನ್ನು ವಕೀಲರ ಮುಂದೆ ಬಿಚ್ಚಿದಾಗ ಅದರಲ್ಲಿ ‘ಕೇಬಲ್ ಮತ್ತು ಉಪಗ್ರಹ ಪ್ರಸಾರ’ ಎಂದಷ್ಟೇ ಇತ್ತು. ಅವಧಿಯೂ ಇರಲಿಲ್ಲ, ಅಂತರ್ಜಾಲದ ಸುದ್ದಿಯೂ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಯಾವ ಹಕ್ಕು ಕೊಟ್ಟಿದ್ದೇವೆಂಬುದು ಬರವಣಿಗೆಯಲ್ಲಿ ಇರಬೇಕು, ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೇ ಲೆಕ್ಕ. ನಮ್ಮ ಉತ್ತರ ಹೋದ ಮೇಲೆ ಮತ್ತೆ ಪತ್ರ ಬರಲಿಲ್ಲ. ವಕೀಲರ ಶುಲ್ಕ ಹನ್ನೆರಡು ಸಾವಿರದ ಸುಮಾರು. ಇಡೀ ಯೋಜನೆಯಲ್ಲಿ ಅಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಆದರೆ ಹಕ್ಕು ಸಿಕ್ಕ ಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಕೈಯಲ್ಲಿದ್ದ 119 ಸಂಚಿಕೆಗಳನ್ನು ಎರಡೇ ದಿನಗಳಲ್ಲಿ ಏರಿಸಿದೆ. ಒಂದೊಂದಕ್ಕೆ ನಲವತ್ತು, ಐವತ್ತು ಜನ ನೋಡಿದರು. ಟಿವಿಗೆಂದು ಚಿತ್ರವನ್ನು ಸಾಲು ಬಿಟ್ಟು ಸಾಲು ಹೆಣೆಯುವ ಇಂಟರ್‌ಲೇಸ್ ಅನ್ನು ಬಿಡಿಸದೆ ಏರಿಸಿದ್ದರಿಂದ ಮೊಬೈಲ್‌ನಲ್ಲಿ ಪಾತ್ರಗಳು ಕೈ ಬೀಸಿದಲ್ಲೆಲ್ಲ ಹಣಿಗೆಯ ಹಲ್ಲಿನಂಥ ಗೆರೆಗಳು ಎದ್ದವು. ಹಿನ್ನೆಲೆಯಲ್ಲಿ ಅಲ್ಲಲ್ಲಿ ಸಿನಿಮಾ ಹಾಡಿನ ತುಣುಕು ಬಳಸಿದ್ದೆವು. ಟಿವಿಯಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲಿ ಮೂವತ್ತಕ್ಕೂ ಹೆಚ್ಚು ಸಂಚಿಕೆಗಳ ಮೇಲೆ ಕಂಟೆಂಟ್ ಐಡಿ ಕ್ಲೇಮ್, ಅಂದರೆ ಹಾಡನ್ನು ಯೂಟ್ಯೂಬ್ ತಾನೇ ಗುರುತಿಸಿ ಅದರ ಹಕ್ಕುದಾರರ ಪರವಾಗಿ ಹಾಕುವ ತಕರಾರು, ಬಿದ್ದವು. ಮಾತನ್ನು ಉಳಿಸಿಕೊಂಡು ಹಾಡನ್ನಷ್ಟೇ ತೆಗೆಯುವುದಕ್ಕೆ ಒಂದು ಉಪಾಯ ಹುಡುಕಿದೆ. ಮೂರು ತಿಂಗಳು ನಿದ್ದೆಗೆಟ್ಟು ಕಂಡುಕೊಂಡದ್ದಾದ್ದರಿಂದ ಅದನ್ನು ಇಲ್ಲಿ ಬಿಟ್ಟುಕೊಡಲಾರೆ.

ಇದರ ನಡುವೆ ಸ್ವಂತ ಆ್ಯಪ್‌ನ ಹುಚ್ಚೂ ಹತ್ತಿತು. ತಿಂಗಳಿಗೆ 29 ರೂಪಾಯಿ ಚಂದಾ ಇಟ್ಟು ಒಂದು ಲಕ್ಷದ ಎಂಬತ್ತು ಸಾವಿರ ಸುರಿದೆ. ಮುನ್ನೂರರಷ್ಟು ಜನ ಚಂದಾದಾರರಾದರು. ಅರ್ಧದಷ್ಟು ನನ್ನ ಬೀಗರೇ ಇದ್ದರು. ಎಂಟನೆಯ ತಿಂಗಳಿಗೆ ಮುಚ್ಚಿದೆ.

ಚಕ್ರ ತಿರುಗಿದ್ದು ಜೋಡಣೆಯಿಂದ. ಹಿಂದಿನ ಕಥೆ, ಶೀರ್ಷಿಕೆ ಗೀತೆ, ಬ್ರೇಕಿಗೆ ಮುಂಚೆ ಎಳೆದ ಮುಖಗಳು, ಬ್ರೇಕಿನ ನಂತರ ಮತ್ತೆ ಅವೇ ಮುಖಗಳು, ಇವನ್ನೆಲ್ಲ ಕತ್ತರಿಸಿದರೆ 22 ನಿಮಿಷದ ಸಂಚಿಕೆಯಲ್ಲಿ ಹದಿನಾಲ್ಕೋ ಹದಿನೈದೋ ನಿಮಿಷದ ಕಥೆ ಉಳಿಯುತ್ತದೆ. ಅಂಥ ಐದನ್ನು ಹೊಲಿದು, ವಾರಕ್ಕೆ ಎರಡರಂತೆ, ರಾತ್ರಿ ಒಂಬತ್ತೂವರೆಗೆ ಬಿಡತೊಡಗಿದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಊಟಕ್ಕೆ ಕೂತವರು, ಗೋವಾಕ್ಕೆ ದುಡಿಯಲು ಹೋದ ನಮ್ಮ ಕಡೆಯವರು ನೋಡತೊಡಗಿದರು. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣಗಳಿಕೆಗೆ ಬೇಕಾದ ಸಾವಿರ ಚಂದಾದಾರರು ಚಾನೆಲ್‌ಗೆ ಮೊದಲೇ ಇದ್ದರು. ವರ್ಷವಿಡೀ ಕಾದರೂ ಸಿಗದಿದ್ದ 4000 ಗಂಟೆಗಳ ವೀಕ್ಷಣೆ ಏಳೇ ವಾರಗಳಲ್ಲಿ ದಾಟಿತು. ನೇಕಾರರು ಕೆಲಸ ಮಾಡುತ್ತ ಕೇಳಲೆಂದು ಧ್ವನಿಯನ್ನಷ್ಟೇ ಬೇರೆ ಹಾಕಿಯೂ ನೋಡಿದೆ. ಪವರ್‌ಲೂಮ್ ಗದ್ದಲದಲ್ಲಿ ಏನು ಕೇಳೀತು?

ಕಳೆದುಹೋದ 24 ಸಂಚಿಕೆಗಳದ್ದು ಬೇರೆಯೇ ಕಥೆ. ವಾಹಿನಿಯ ಡ್ರೈವ್‌ನಲ್ಲಿ ಅವು ಅಳಿದಿದ್ದವು, ನಮ್ಮಲ್ಲಿ ಪ್ರತಿ ಇರಲಿಲ್ಲ. ಮತ್ತೆ ಚಿತ್ರಿಸಲು ದುಡ್ಡಿಲ್ಲದೆ, ಅಜ್ಜಿಯ ಪಾತ್ರ ಮಾಡುವ ನಾಟಕ ಕಂಪನಿಯ ಹಿರಿಯ ಕಲಾವಿದೆಯನ್ನು ಕಟ್ಟೆಯ ಮೇಲೆ ಕೂರಿಸಿ, ಜೋಳ ಹಸನು ಮಾಡುತ್ತ ನಡೆದದ್ದನ್ನೆಲ್ಲ ಮೊಮ್ಮಗಳಿಗೆ ಹೇಳಿಸಿದೆ. ‘ನಿಮ್ಮವ್ವ ಆ ದಿನ ಏನ್ ಮಾಡಿದ್ಲು ಗೊತ್ತೇನ’ ಎಂದು ಆರಂಭಿಸಿದ ಆಕೆ ಬರೆದುಕೊಟ್ಟ ಹಾಳೆಯನ್ನು ಮಡಿಚಿಟ್ಟು ತನ್ನ ಮಾತಿನಲ್ಲೇ ಹೇಳಿದರು. ಒಂದು ದಿನದ ಚಿತ್ರೀಕರಣ, ಖರ್ಚು ಒಂಬತ್ತು ಸಾವಿರ. ನಮ್ಮ ಚಾನೆಲ್‌ನಲ್ಲಿ ಇಂದಿಗೂ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ನಿರ್ದೇಶನ ನನ್ನದೆಂದು ಹೇಳಿಕೊಳ್ಳಲು ಸಂಕೋಚವಿಲ್ಲ, ಆದರೆ ಮಾತು ಅವರದು.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಟಿವಿಗೆ ಒಂದು ಸಂಚಿಕೆಗೆ ನಲವತ್ತೈದು ಸಾವಿರ ತಗಲುತ್ತಿತ್ತು. ಈಗ ತಿಂಗಳಿಗೆ ಎರಡೇ ದಿನ ಕಾಲ್‌ಶೀಟ್ ಪಡೆದು ನಾಲ್ಕು ಸಂಚಿಕೆ ಮುಗಿಸುವುದರಿಂದ ಒಂದಕ್ಕೆ ಹದಿನೈದು ಸಾವಿರ. ಜಾಹೀರಾತಿನಲ್ಲಿ ನಮಗೆ ಬರುವ ಪಾಲು 55 ಪ್ರತಿಶತ. ಮೊದಲ ಜಮೆ ಒಂಬತ್ತು ಸಾವಿರದಷ್ಟಿತ್ತು. ಈಗ ತಿಂಗಳಿಗೆ ಐವತ್ತು ಸಾವಿರದ ಆಸುಪಾಸು ಬರುತ್ತದೆ. ಅಷ್ಟರಿಂದಲೇ ಸಾಲದು. ಇಳಕಲ್ ಸೀರೆ ಅಂಗಡಿಯೊಂದು ಸಂಚಿಕೆಗೆ ಐದು ಸಾವಿರ ಕೊಡುತ್ತದೆ, ಸೊಸೆಯಂದಿರು ಅಲ್ಲಿಯ ಸೀರೆಯನ್ನೇ ಉಡುತ್ತಾರೆ. ಆ್ಯಪ್‌ನ ನಷ್ಟವೂ ಸೇರಿ ಹಾಕಿದ್ದ ನಾಲ್ಕೂವರೆ ಲಕ್ಷ ಹತ್ತೊಂಬತ್ತು ತಿಂಗಳಲ್ಲಿ ಮರಳಿತು. ಹುಬ್ಬಳ್ಳಿಯ ಹಿರಿಯರು ಈಗ ತಮ್ಮ ಹಳೆಯ ಧಾರಾವಾಹಿಯ ಒಪ್ಪಂದದ ಪ್ರತಿಯನ್ನು ನನ್ನ ವಕೀಲರಿಗೆ ತೋರಿಸಿ ಎಂದು ಕಳಿಸಿದ್ದಾರೆ.

ಹೊಸ್ತಿಲಲ್ಲಿ ನಿಂತ ಹಿರಿಮಗನನ್ನು ಒಳಗೆ ಕರೆತಂದದ್ದು 144ನೆಯ ಸಂಚಿಕೆಯಲ್ಲಿ. ನಡುವೆ ಅವನು ಹತ್ತು ಕೆ.ಜಿ. ದಪ್ಪಗಾಗಿದ್ದ, ಅದಕ್ಕೂ ಒಂದು ಸಂಭಾಷಣೆ ಬರೆಯಬೇಕಾಯಿತು. ಹಳೆ ಊರಿನ ಅಂಚಿನಲ್ಲಿರುವ, ನಾವು ಚಿತ್ರೀಕರಣಕ್ಕೆ ಬಾಡಿಗೆಗೆ ಪಡೆಯುವ ಆ ಮನೆಯ ಹಿತ್ತಲಿಗೆ ಆಲಮಟ್ಟಿ ಜಲಾಶಯ ತುಂಬಿದಾಗ ಹಿನ್ನೀರು ಬರುತ್ತದೆ. ಆದ್ದರಿಂದ ಅಲ್ಲಿಯ ದೃಶ್ಯಗಳನ್ನೆಲ್ಲ ನೀರು ಇಳಿದ ಬೇಸಿಗೆಯಲ್ಲೇ ಮುಗಿಸಿಕೊಳ್ಳುತ್ತೇವೆ. ಈ ಸಲ ಯುಗಾದಿಯ ನಂತರ ಆರು ದಿನ ಕೇಳಿದ್ದೇನೆ. ಧಾರಾವಾಹಿ ನೋಡತೊಡಗಿರುವ ಮನೆಯ ಮಾಲೀಕರು ಬಾಡಿಗೆಯನ್ನು ದಿನಕ್ಕೆ ಎರಡು ಸಾವಿರಕ್ಕೆ ಏರಿಸಿದ್ದಾರೆ.